ಮೈಎಸ್‌ಕ್ಯೂಎಲ್ಲೋ ಪೋಸ್ಟ್‌ಗ್ರೆಸ್ಸೋ: ಅಳೆಯುವ ಮುಂಚೆ

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೆ. ತೀರ್ಥಹಳ್ಳಿ ಮನೆಯಲ್ಲಿ ಎರಡೂ ಡೇಟಾಬೇಸ್ ಓಡಿಸಿ, ಯಾವುದು ವೇಗ ಅಂತ ನೋಡಿದೆ. ಮೈಎಸ್‌ಕ್ಯೂಎಲ್ ಸಲೀಸಾಗಿ ಗೆದ್ದಿತು. ಮಂಡಿಯವರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಆಷಾಢದ ಮಳೆ. ಇನ್ನೊಂದು ಸುತ್ತು ಓಡುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಕರೆಂಟ್ ಬಂದಮೇಲೆ ನೋಡಿದರೆ, ಕಮಿಟ್ ಆಯ್ತು, ಅಂದರೆ ಖಾಯಂ ಆಗಿ ಉಳಿಯಿತು ಅಂತ ಉತ್ತರ ಬಂದಿದ್ದ ಕೊನೆಯ ಕೆಲವು ಎಂಟ್ರಿಗಳೇ ಇಲ್ಲ! ಯಾರದೋ ಟ್ಯೂನಿಂಗ್ ಸಲಹೆ ನಂಬಿ ಮೈಎಸ್‌ಕ್ಯೂಎಲ್‌ನ ಸೆಟ್ಟಿಂಗ್ 'ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್' ಅನ್ನು 2 ಮಾಡಿಟ್ಟಿದ್ದೆ. ಆಗ ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕಿನಲ್ಲಿ ಗಟ್ಟಿಯಾಗಿ ಕೂರುವುದು ಸುಮಾರು ಸೆಕೆಂಡಿಗೊಮ್ಮೆ. ಪೋಸ್ಟ್‌ಗ್ರೆಸ್ ಪಾಪ, ಪ್ರತಿ ಕಮಿಟ್ಟನ್ನೂ ಡಿಸ್ಕಿಗೆ ಇಳಿಸಿಯೇ ಉತ್ತರ ಕೊಡುತ್ತಿತ್ತು. ಹಸಿ ಅಡಿಕೆಯನ್ನು ಒಣ ಅಡಿಕೆ ಪಕ್ಕ ತೂಗಿ, ಹಸಿಯದ್ದೇ ಜಾಸ್ತಿ ಬಂತು ಅಂದ ಹಾಗಾಯಿತು ನನ್ನ ಕಥೆ.

ಹಾಗಾಗಿ ಮೊದಲು ಇದನ್ನು ಸರಿ ಮಾಡಿ. ಮೈಎಸ್‌ಕ್ಯೂಎಲ್‌ನಲ್ಲಿ ಆ ಸೆಟ್ಟಿಂಗ್ 1 ಇರಲಿ, 'ಸಿಂಕ್ ಬಿನ್‌ಲಾಗ್' ಕೂಡ 1. ಪೋಸ್ಟ್‌ಗ್ರೆಸ್‌ನಲ್ಲಿ 'ಎಫ್‌ಸಿಂಕ್', 'ಸಿಂಕ್ರೊನಸ್ ಕಮಿಟ್' ಎರಡೂ ಆನ್. ಐಸೊಲೇಶನ್ನನ್ನೂ (ಒಟ್ಟಿಗೆ ನಡೆಯುವ ವಹಿವಾಟುಗಳಲ್ಲಿ ಒಂದರ ಬದಲಾವಣೆ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನುವ ನಿಯಮ) ಒಂದೇ ಮಾಡಿ. ಸುಮ್ನೆ ಬಿಟ್ಟರೆ ಮೈಎಸ್‌ಕ್ಯೂಎಲ್ ರಿಪೀಟಬಲ್ ರೀಡ್, ಪೋಸ್ಟ್‌ಗ್ರೆಸ್ ರೀಡ್ ಕಮಿಟೆಡ್.

ಮೆಮೊರಿ ಸ್ವಲ್ಪ ಕಗ್ಗಂಟು. ಎರಡರದ್ದೂ ಡಿಫಾಲ್ಟ್ ಬಫರ್ (ಡೇಟಾ ಇಟ್ಟುಕೊಳ್ಳುವ ಮೆಮೊರಿ) 128 ಎಂಬಿ. ಇವತ್ತಿನ ಮಷಿನ್‌ಗೆ ಅದು ಏನೇನೂ ಸಾಲದು. ಹಾಗಂತ ಎರಡಕ್ಕೂ ಒಂದೇ ಅಂಕಿ ಹಾಕಿದರೂ ನ್ಯಾಯ ಆಗುವುದಿಲ್ಲ. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶನ್ನೂ ನೆಚ್ಚಿಕೊಂಡಿರುತ್ತದೆ, ಅದಕ್ಕೆ ರ್‍ಯಾಮ್‌ನ ಕಾಲು ಭಾಗ ಕೊಟ್ಟು ಶುರು ಮಾಡಿ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ನೋಡಿಕೊಳ್ಳುವ ಎಂಜಿನ್ ಇನ್ನೋಡಿಬಿಗೆ ಅರ್ಧಕ್ಕಿಂತ ಜಾಸ್ತಿಯೇ ಕೊಡಬಹುದು.

ಪರೀಕ್ಷೆಗೆ ಸಿಸ್‌ಬೆಂಚ್ ಎಂಬ ವೇಗ ಅಳೆಯುವ ಟೂಲ್ ಸಾಕು, ಎರಡಕ್ಕೂ ಹೊಂದುತ್ತದೆ. ಪಿಜಿಬೆಂಚ್ (ಪೋಸ್ಟ್‌ಗ್ರೆಸ್ಸಿನದೇ ಟೂಲ್) ಹಿಡಿದರೆ ಸ್ಕೇಲ್, ಅಂದರೆ ಪರೀಕ್ಷೆಯ ಡೇಟಾದ ಗಾತ್ರ, 1ರಲ್ಲಿ ಬಿಡಬೇಡಿ. ಅಲ್ಲಿ ಬ್ರಾಂಚ್ ಟೇಬಲ್‌ನಲ್ಲಿ ಇರುವುದೇ ಒಂದು ಸಾಲು. ಮಂಡಿಯಲ್ಲಿ ಒಂದೇ ತಕ್ಕಡಿ ಇದ್ದು ಇಪ್ಪತ್ತು ಗಾಡಿ ನಿಂತರೆ ಏನಾಗುತ್ತೆ? ಕ್ಲೈಂಟ್‌ಗಳೆಲ್ಲ ಆ ಸಾಲಿಗೇ ಕಾಯುತ್ತಾ ನಿಲ್ಲುತ್ತವೆ. ಸ್ಕೇಲ್ ಕ್ಲೈಂಟ್‌ಗಳ ಸಂಖ್ಯೆಗಿಂತ ಕಡಿಮೆ ಆಗಬಾರದು.

ಕ್ಲೈಂಟ್ ಬೇರೆ ಮಷಿನ್‌ನಲ್ಲಿರಲಿ. ಒಂದು ನಿಮಿಷದ ಟೆಸ್ಟ್ ನಂಬಬೇಡಿ: ಪೋಸ್ಟ್‌ಗ್ರೆಸ್‌ನ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿ ಬದಲಾದ ಡೇಟಾವನ್ನು ಡಿಸ್ಕಿಗೆ ಇಳಿಸುವ ಕೆಲಸ) ಡಿಫಾಲ್ಟ್ ಆಗಿ 5 ನಿಮಿಷಕ್ಕೊಮ್ಮೆ, ಅದರ ಭಾರ ನಿಮಗೆ ಕಾಣುವುದೇ ಇಲ್ಲ. ನಾನೀಗ ಅರ್ಧ ಗಂಟೆ ಓಡಿಸುತ್ತೇನೆ, ಮೂರು ಸಲ. ಸರಾಸರಿ ಜೊತೆ 99ನೇ ಪರ್ಸೆಂಟೈಲ್ (ನೂರರಲ್ಲಿ 99 ಉತ್ತರ ಎಷ್ಟು ಸಮಯದೊಳಗೆ ಬಂತು ಅನ್ನುವುದು) ಕೂಡ ಬರೆದಿಡುತ್ತೇನೆ.

ಮಂಡಿಯವರಿಗೆ ಮತ್ತೆ ಫೋನ್ ಮಾಡಬೇಕಾಯಿತು. ಈ ಸಲ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.