ಕ್ರಿಕೆಟ್ ಕೈಗೆ ಸಾಫ್ಟ್‌ಬಾಲ್ ಬ್ಯಾಟು: ಸ್ವಿಂಗ್ ತಿದ್ದುವ ಬಗೆ

ವಿಜಯಪುರದ ಮಕ್ಕಳು ಸಾಫ್ಟ್‌ಬಾಲ್‌ಗೆ ಬರುವ ಮೊದಲೇ ಓಣಿಯಲ್ಲಿ ಕ್ರಿಕೆಟ್ ಆಡಿರುತ್ತಾರೆ. ಅರ್ಧ ತಪ್ಪು ಅಲ್ಲಿಂದಲೇ ಬಂದದ್ದು: ಬ್ಯಾಟಿನ ತುದಿ ನೆಲದ ಕಡೆ ಇಳಿಯುತ್ತದೆ, ಕಣ್ಣು ಚೆಂಡಿನ ಪುಟಿತಕ್ಕೆ ಕಾಯುತ್ತದೆ. ಇಲ್ಲಿ ಚೆಂಡು ಪುಟಿಯದೆ ನೇರ ಬರುತ್ತದೆ.

ಮೊದಲು ಬ್ಯಾಟು ನೋಡಿ. ಒಂದೇ ಕೈಯಲ್ಲಿ ಮುಂದೆ ಚಾಚಿ 15 ಸೆಕೆಂಡ್ ಹಿಡಿಯಲಾಗದಿದ್ದರೆ ಅದು ಭಾರ; ಬೇರೆ ಕೊಡಿ. ಹಿಡಿತ ಬೆರಳುಗಳಲ್ಲಿರಲಿ, ಅಂಗೈಯಲ್ಲಿ ಬೇಡ. ಬಲಗೈ ಆಟಗಾರ್ತಿಗೆ ಎಡಗೈ ಕೆಳಗೆ.

ಕಾಲು ಹೆಗಲಿಗಿಂತ ತುಸು ಅಗಲ. ಮುಂಗಾಲು 4ರಿಂದ 6 ಇಂಚು ಮಾತ್ರ ಮೆಲ್ಲಗೆ ಮುಂದೆ ಊರಲಿ, ಭಾರ ಹಿಂದೆಯೇ ಉಳಿಯಲಿ. ಆಮೇಲೆ ಸೊಂಟ ತಿರುಗಬೇಕು, ಅದರ ಬೆನ್ನಿಗೆ ಕೈ. ಕೈ ಮೊದಲು ಹೊರಟರೆ ತೋಳಿನ ಬಲವಷ್ಟೇ ಸಿಗುತ್ತದೆ.

ತಿದ್ದಲು ಕಷ್ಟವಾದದ್ದು ಕೈ ಮೈಯಿಂದ ದೂರ ಹೋಗಿ ಬ್ಯಾಟು ದೊಡ್ಡ ಸುತ್ತು ಹಾಕುವುದು. ಬ್ಯಾಟಿನ ಹಿಡಿ ಹೊಕ್ಕುಳಿಗೆ, ತುದಿ ಎದುರಿನ ಬಲೆಗೆ ತಾಗುವಷ್ಟು ದೂರದಲ್ಲಿ ನಿಲ್ಲಿಸಿ, ಬಲೆ ಮುಟ್ಟದಂತೆ ನಿಧಾನ ಬೀಸಿಸಿ. ಗೋಡೆ ಬೇಡ, ಬ್ಯಾಟು ಹಾಳಾದೀತು.

ಚೆಂಡನ್ನು ಮೇಲಿಟ್ಟು ಬಾರಿಸುವ ಕಂಬ, ಅಂದರೆ ಟೀ, ಕೊಳ್ಳಲೇಬೇಕೆಂದಿಲ್ಲ; ಪಿವಿಸಿ ಪೈಪಿನ ತುದಿಗೆ ಮೆತ್ತನೆ ರಬ್ಬರ್ ಪೈಪು ಸಿಕ್ಕಿಸಿದರೆ ಸಾಕು. ಸೊಂಟದೆತ್ತರಕ್ಕೆ, ಮುಂಗಾಲಿಗಿಂತ ತುಸು ಮುಂದೆ ಇಡಿ. ಐದೈದರಂತೆ ನಾಲ್ಕು ಸರದಿ, ನಡುವೆ ಬಿಡುವು. ದಣಿದ ಮೇಲೆ ಬೀಸಿಸಿದರೆ ತಪ್ಪೇ ರೂಢಿಯಾಗುತ್ತದೆ. ಏಪ್ರಿಲ್ ಬಿಸಿಲಲ್ಲಂತೂ ಬೆಳಿಗ್ಗೆ 8ರೊಳಗೆ ಮುಗಿಸಿ. ಚೆಂಡು ಮೇಲೆಯೇ ಹಾರುತ್ತಿದ್ದರೆ ಹಿಂಭುಜ ಕುಸಿಯುತ್ತಿದೆಯೇ ನೋಡಿ. ಪೂರಾ ತಪ್ಪಿದರೆ ತಲೆ ನೋಡಿ: ಬಡಿಯುವ ಮೊದಲೇ ಮೈದಾನದತ್ತ ತಿರುಗಿರುತ್ತದೆ.