ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಇಬ್ಬರಿಗೆ ಒಂದು ದಿನ

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ನೆಲೆಸಿರುವ ದಂಪತಿಗೂ, ಮಕ್ಕಳ ಮನೆಗೆಂದು ಅಲ್ಲಿಗೆ ಬಂದ ಅಪ್ಪ ಅಮ್ಮಂದಿರಿಗೂ ಒಂದು ದಿನದ ತಿರುಗಾಟಕ್ಕೆ ಫ್ರೆಡರಿಕ್ಸ್‌ಬರ್ಗ್ ಹೇಳಿ ಮಾಡಿಸಿದ ಊರು. 290ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ಮೊದಲ ಸಲ ಹೋದಾಗ ನಾನೂ ನನ್ನ ಹೆಂಡತಿಯೂ ಮೇನ್ ಸ್ಟ್ರೀಟಿನ ಅಂಗಡಿಗಳಲ್ಲೇ ದಿನ ಕಳೆದು, ಊರನ್ನು ನೋಡದೆ ಮರಳಿದ್ದೆವು. ಎರಡನೆಯ ಸಲ ಅನುಸರಿಸಿದ ಕ್ರಮ ಇದು.

ತಯಾರಿ ಹಿಂದಿನ ವಾರವೇ ಆಗಬೇಕು. ಊರಿನ ಉತ್ತರಕ್ಕೆ ಸುಮಾರು 28 ಕಿ.ಮೀ. ದೂರದಲ್ಲಿ ಎನ್‌ಚಾಂಟೆಡ್ ರಾಕ್ ಎಂಬ ಬಂಡೆಬೆಟ್ಟವಿದೆ. ಅದರ ಪ್ರವೇಶವನ್ನು ಆನ್‌ಲೈನ್‌ನಲ್ಲಿ ಮುಂಗಡವಾಗಿ ಕಾದಿರಿಸಿ. ಜನ ತುಂಬಿದರೆ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುತ್ತಾರೆ. ಬಿಸಿಲೇರುವ ಮೊದಲೇ ಹತ್ತಿಬಿಡಿ. ಸಾವನದುರ್ಗ ಹತ್ತಿದವರ ಪಾದಕ್ಕೆ ಈ ಬೋಳು ಗ್ರಾನೈಟ್ ಹೊಸದಲ್ಲ. ಎತ್ತರವೂ ಸುಮಾರು 130 ಮೀಟರ್ ಅಷ್ಟೇ.

ಅಲ್ಲಿಂದ ಇಳಿದು ನೇರ ಪಯನೀರ್ ಮ್ಯೂಸಿಯಮ್‌ಗೆ ಹೋಗಿ. ಅಂಗಡಿಗಳು ಕಾಯಲಿ. ಜರ್ಮನ್ ವಲಸೆಗಾರರು 1846ರ ಮೇ ತಿಂಗಳಲ್ಲಿ ಕಟ್ಟಿದ ಊರಿದು. ಜರ್ಮನ್ ಪಾದ್ರಿ ಮೊಗ್ಲಿಂಗ್ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಇಲ್ಲಿ ‘ಸಂಡೇ ಹೌಸ್’ ಎಂಬ ಪುಟ್ಟ ಮನೆಯನ್ನು ನಿಧಾನವಾಗಿ ನೋಡಿ. ದೂರದ ಹೊಲಗಳ ರೈತರು ಶನಿವಾರ ಗಾಡಿ ಕಟ್ಟಿಕೊಂಡು ಬಂದು ಸಾಮಾನು ಕೊಂಡು, ರಾತ್ರಿ ತಂಗಿ, ಭಾನುವಾರ ಚರ್ಚಿಗೆ ಹೋಗಲೆಂದು ಊರೊಳಗೆ ಕಟ್ಟಿಕೊಂಡ ಮನೆಗಳಿವು. ಹಲವು ಮನೆಗಳಲ್ಲಿ ಅಟ್ಟಕ್ಕೆ ಏಣಿಮೆಟ್ಟಿಲು ಇರುವುದು ಹೊರಗೋಡೆಯ ಮೇಲೆ. ಮಕ್ಕಳು ಮಲಗುತ್ತಿದ್ದುದು ಆ ಅಟ್ಟದಲ್ಲಿ. ಮೆಟ್ಟಿಲು ಹೊರಗಿದ್ದರೆ ಒಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಅಷ್ಟು ಜಾಗ ಉಳಿಯುತ್ತದೆ. ಇದನ್ನು ಕಂಡ ಮೇಲೆ ನನ್ನ ಹೆಂಡತಿ ದಾರಿಯುದ್ದಕ್ಕೂ ಹೊರಮೆಟ್ಟಿಲಿನ ಮನೆಗಳನ್ನು ಬೆರಳು ತೋರಿಸಿ ಎಣಿಸುತ್ತಲೇ ಬಂದಳು. ಮರದ ಚೌಕಟ್ಟಿನ ನಡುವೆ ಸುಣ್ಣಕಲ್ಲು ತುಂಬಿದ ಗೋಡೆಗಳೂ ಆಗ ತಾವಾಗಿ ಕಣ್ಣಿಗೆ ಬೀಳುತ್ತವೆ.

ಮಧ್ಯಾಹ್ನ ಜರ್ಮನ್ ಊಟ. ಸಸ್ಯಾಹಾರಿಗಳು ಆಲೂಗಡ್ಡೆ ಪ್ಯಾನ್‌ಕೇಕ್, ಪ್ರೆಟ್ಜೆಲ್ ಕೇಳಬಹುದು. ಆದರೆ ಬಿಸಿ ಆಲೂಗಡ್ಡೆ ಸಲಾಡ್ ಮತ್ತು ಕೆಂಪು ಎಲೆಕೋಸಿನ ಪಲ್ಯಕ್ಕೆ ಬೇಕನ್ (ಹಂದಿಮಾಂಸ) ಸೇರಿಸುವುದು ವಾಡಿಕೆ. ತಟ್ಟೆ ಬರುವ ಮೊದಲೇ ವಿಚಾರಿಸಿ.

ಊಟದ ಬಳಿಕ ಮಾರ್ಕ್ಟ್‌ಪ್ಲಾಟ್ಸ್ ಚೌಕಕ್ಕೆ ನಡೆಯಿರಿ. ಅಲ್ಲಿರುವ ಎಂಟು ಮೂಲೆಯ ಫೆರೈನ್ಸ್ ಕಿರ್ಖೆ ಎಂಬ ಚರ್ಚು 1847ರ ಕಟ್ಟಡದ ಪ್ರತಿರೂಪ. ಕಾಫಿ ಬೀಸುವ ಯಂತ್ರದಂತಿದೆ ಎಂದು ಊರವರು ಅದನ್ನು ‘ಕಾಫಿ ಮಿಲ್’ ಎನ್ನುತ್ತಿದ್ದರು. ಪಕ್ಕದಲ್ಲಿ ಶಾಂತಿಯ ಪ್ರತಿಮೆಯಿದೆ. ವಸಾಹತಿನ ಮುಖಂಡ ಮ್ಯೂಸೆಬಾಖ್ 1847ರಲ್ಲಿ ಕೊಮಾಂಚಿ ಬುಡಕಟ್ಟಿನವರೊಡನೆ ಮಾಡಿಕೊಂಡ ಒಪ್ಪಂದದ ನೆನಪು ಅದು. ಈ ನೆಲ ಮೊದಲು ಯಾರದಾಗಿತ್ತು ಎಂಬುದನ್ನು ಅರಿಯದೆ ಊರು ನೋಡಿ ಬಂದೆವೆನ್ನಲಾಗದು. ಅಲ್ಲಿ ಹತ್ತು ನಿಮಿಷ ನಿಲ್ಲಿ.

ಊರಿನಲ್ಲೇ ಇರುವ, ಎರಡನೇ ಮಹಾಯುದ್ಧದ ಪೆಸಿಫಿಕ್ ಸಾಗರದ ಕಾಳಗಗಳ ವಸ್ತುಸಂಗ್ರಹಾಲಯವನ್ನು ಇನ್ನೊಂದು ದಿನಕ್ಕೆ ಬಿಡಿ; ಅದಕ್ಕೇ ಅರ್ಧ ದಿನ ಬೇಕು. ವೈನ್ ರುಚಿ ನೋಡುವುದಾದರೆ ಕಾರು ಓಡಿಸುವವರು ಯಾರೆಂದು ಬೆಳಿಗ್ಗೆಯೇ ನಿರ್ಧರಿಸಿಕೊಳ್ಳಿ.

ಬೇಸಿಗೆಯಾದರೆ ಮರಳುವಾಗ ಸ್ಟೋನ್‌ವಾಲ್ ಬಳಿ ರಸ್ತೆಬದಿಯ ಪೀಚ್ ಹಣ್ಣಿನ ಅಂಗಡಿಗಳು ಸಿಗುತ್ತವೆ. ಒತ್ತಿ ನೋಡಬೇಡಿ, ಹಣ್ಣು ಕಪ್ಪಾಗುತ್ತದೆ. ತೊಟ್ಟಿನ ಬಳಿ ಮೂಸಿ ನೋಡಿ. ಘಮವಿದ್ದು, ಹಸಿರು ಮಾಸಿ ಹಳದಿ ತಿರುಗಿದ್ದರೆ ಬುಟ್ಟಿಗೆ ಹಾಕಿ.