ಒಂದು ಬ್ಲೌಸಿಗೆ ಇಪ್ಪತ್ತು ಎಸೆತ

ಜಗ್ಲಿಂಗ್‌ನಲ್ಲಿ, ಅಂದರೆ ಚೆಂಡುಗಳನ್ನು ಬೀಳಿಸದೆ ಒಂದರ ಹಿಂದೊಂದು ಎಸೆದು ಹಿಡಿಯುವ ಆಟದಲ್ಲಿ, ಮೂರು ಚೆಂಡಿನಿಂದ ನೂರು ಹಿಡಿತ ದಾಟಿದ ದಿನ ಅಂಗಡಿಯ ಶಟರ್ ಅರ್ಧ ಎಳೆದು, ಕಟಿಂಗ್ ಟೇಬಲ್‌ಗೆ ಕೈಯೂರಿ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಕೈ ನಡುಗುತ್ತಿತ್ತು. ಆಗ ನನಗೆ 44 ವರ್ಷ. ಕೋಲಾರದ ಕ್ಲಾಕ್ ಟವರ್‌ನಿಂದ ಸ್ವಲ್ಪ ಒಳಗೆ ಬಂದರೆ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನನ್ನದು. ಹತ್ತೊಂಬತ್ತು ವರ್ಷ ಮೆಷಿನ್ ಮುಂದೆ ಕೂತ ಬೆನ್ನು ಇದು. ಇವಳಿಗೆ ಜಗ್ಲಿಂಗ್ ಬರಲ್ಲ ಅಂದವರು ಒಬ್ಬಿಬ್ಬರಲ್ಲ. ಈಗ ಅವರಲ್ಲೇ ಕೆಲವರು ಹೇಗೆ ಕಲಿತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಸ್ಕೇಡ್ (ಎರಡೂ ಕೈ ಸರದಿಯಂತೆ ಚೆಂಡನ್ನು ಇನ್ನೊಂದು ಕೈಗೆ ಮೇಲಕ್ಕೆ ಎಸೆಯುವ ಮೂಲ ವರಸೆ) ಅಂದರೇನು, ಚೆಂಡು ಯಾವ ಎತ್ತರಕ್ಕೆ ಹೋಗಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಮೊದಲು ಬೆಂಗಳೂರಿಗೆ ಹೋಗಿ ಒಂದು ದಿನದ ತರಗತಿಗೆ ಸೇರಿದೆ. ಫೀಸು 1500 ರೂಪಾಯಿ. ಕಲಿಸಿದ ಹುಡುಗ ಒಳ್ಳೆಯವನೇ. ಆದರೆ ಹೊರಡುವಾಗ ಹೇಳಿದ, "ಆಂಟಿ, ದಿನಾ ಒಂದು ಗಂಟೆ ಬಿಡದೆ ಮಾಡಬೇಕು. ಮಧ್ಯೆ ಮಧ್ಯೆ ಐದು ನಿಮಿಷ ಮಾಡಿದರೆ ಏನೂ ಆಗಲ್ಲ." ನಂಬಿದೆ. ಆನ್‌ಲೈನ್‌ನಲ್ಲಿ ಮೂರು ಪ್ಲಾಸ್ಟಿಕ್ ಚೆಂಡು ತರಿಸಿದೆ, ಸುಮಾರು 900 ರೂಪಾಯಿ. ರಾತ್ರಿ ಊಟ ಆದ ಮೇಲೆ ಒಂಬತ್ತೂವರೆಯಿಂದ ಹತ್ತೂವರೆವರೆಗೆ ದಿನಾ ನಿಂತೆ. ಐದು ತಿಂಗಳು! ದಿನವಿಡೀ ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ನೋಡಿ ದಣಿದ ಕಣ್ಣಿಗೆ ಮೇಲೆ ಹೋದ ಚೆಂಡು ಕಾಣುತ್ತಲೇ ಇರಲಿಲ್ಲ. ಆರು ಹಿಡಿತ, ಏಳು ಹಿಡಿತ, ಮತ್ತೆ ಆರು. ಬಿದ್ದ ಚೆಂಡು ಪುಟಿದು ಮಂಚದ ಕೆಳಗೆ ಓಡುತ್ತಿತ್ತು. ಕೆಳಗಿನ ಮನೆಯವರು ಎರಡು ಸಲ ಬಂದು ಏನು ಸದ್ದು ಅಂತ ಕೇಳಿದರು. ಬಗ್ಗಿ ಬಗ್ಗಿ ಎತ್ತಿ ಸೊಂಟ ಹಿಡಿದುಕೊಂಡಿತು. ಮುಲಾಮಿಗೇ ಮುನ್ನೂರು ಖರ್ಚಾಗಿರಬೇಕು.

ಇನ್ನೊಂದು ತೊಂದರೆ ಐದು ಕಲ್ಲಾಟದಿಂದ ಬಂತು. ಚಿಕ್ಕವಳಿದ್ದಾಗ ಕಲ್ಲಾಟದಲ್ಲಿ ನನ್ನನ್ನು ಸೋಲಿಸುವವರೇ ಇರಲಿಲ್ಲ. ಅದರಲ್ಲಿ ಕೆಲಸವೆಲ್ಲ ಬಲಗೈಯದೇ ಅಲ್ವಾ? ಹಾಗಾಗಿ ಇಲ್ಲೂ ಬಲಗೈ ಎಸೆಯುತ್ತಿತ್ತು, ಎಡಗೈ ಮಾತ್ರ ಚೆಂಡನ್ನು ಸುಮ್ನೆ ಪಕ್ಕಕ್ಕೆ ದಾಟಿಸುತ್ತಿತ್ತು. ಹೊಸಬರಲ್ಲಿ ಹತ್ತಕ್ಕೆ ಎಂಟು ಜನ ಇದೇ ತಪ್ಪು ಮಾಡುತ್ತಾರೆ, ನಾನೇ ನೋಡಿದ್ದೇನೆ.

ಆಮೇಲೆ ವರಮಹಾಲಕ್ಷ್ಮಿ ಹಬ್ಬದ ಸೀಸನ್ ಬಂತು. ರಾತ್ರಿ ಹನ್ನೊಂದರವರೆಗೆ ಹೊಲಿಗೆ. ಗಂಟೆಗಟ್ಟಲೆ ನಿಲ್ಲೋದು ಸಾಧ್ಯವೇ ಇಲ್ಲ. ಬಿಟ್ಟುಬಿಡೋಣ ಅನ್ನಿಸಿತು, ಮನಸ್ಸು ಬರಲಿಲ್ಲ. ಚೆಂಡುಗಳನ್ನು ಅಂಗಡಿಗೇ ತಂದು ಕಟಿಂಗ್ ಟೇಬಲ್ ಮೇಲೆ ಒಂದು ತಟ್ಟೆಯಲ್ಲಿ ಇಟ್ಟೆ. ಒಂದು ಬ್ಲೌಸ್ ಮುಗಿದು ಹ್ಯಾಂಗರ್‌ಗೆ ಹೋದರೆ ಇಪ್ಪತ್ತು ಎಸೆತ. ಅಷ್ಟೇ. ಮೊದಲ ಎಸೆತ ಯಾವಾಗಲೂ ಎಡಗೈಯಿಂದ. ಚೆನ್ನಾಗಿ ಬರುತ್ತಿದ್ದರೂ ಇಪ್ಪತ್ತಕ್ಕೆ ನಿಲ್ಲಿಸಿ ಕೂರಬೇಕು. ಈ ನಿಲ್ಲಿಸೋದೇ ಕಷ್ಟ, ಇದನ್ನು ಮಾತ್ರ ಬಿಡಬೇಡಿ. ಇನ್ನೂ ಆಡಬೇಕು ಅನ್ನುವ ಆಸೆ ಉಳಿದಿರುತ್ತೆ, ಆ ಆಸೆಗೇ ಮುಂದಿನ ಬ್ಲೌಸ್ ಬೇಗ ಮುಗಿಯುತ್ತೆ. ದಿನಕ್ಕೆ ಏಳೆಂಟು ಬ್ಲೌಸ್ ಅಂದರೆ 150 ಎಸೆತ ತಾನಾಗೇ ಆಗುತ್ತಿತ್ತು.

ಟೇಬಲ್ ನನ್ನ ಸೊಂಟದ ಎತ್ತರಕ್ಕಿದೆ. ಬಿದ್ದ ಚೆಂಡು ಅದರ ಮೇಲೇ ಬೀಳುತ್ತೆ, ಬಗ್ಗುವ ಕೆಲಸವೇ ಇಲ್ಲ. ಟೇಬಲ್ ಅಡ್ಡ ಇರೋದರಿಂದ ಚೆಂಡಿನ ಹಿಂದೆ ಮುಂದಕ್ಕೆ ನಡೆದುಕೊಂಡು ಹೋಗುವ ಚಾಳಿಯೂ ಎರಡು ವಾರದಲ್ಲಿ ಹೋಯಿತು. ಐದು ತಿಂಗಳಲ್ಲಿ ಹತ್ತು ದಾಟದವಳು ಹನ್ನೊಂದು ವಾರದಲ್ಲಿ, ಇಪ್ಪತ್ತಕ್ಕೆ ನಿಲ್ಲಿಸದೆ ಎಸೆದು ನೋಡಿದಾಗ, ನೂರು ದಾಟಿದೆ. ಆ ಬೆಂಗಳೂರಿನ ಹುಡುಗನಿಗೆ ವಿಡಿಯೋ ಕಳಿಸಿದೆ. ಕಟ್ ಮಾಡಿ ಜೋಡಿಸಿದ್ದೀರಾ ಅಂತ ಕೇಳಿದ. ಮಾರನೆಯ ದಿನ ವಿಡಿಯೋ ಕಾಲ್‌ನಲ್ಲೇ ಮಾಡಿ ತೋರಿಸಿದೆ, 130.

ಬಳೆಯ ವಿಷಯ ಹೇಳಲೇಬೇಕು. ಗಾಜಿನ ಬಳೆ ಹಾಕಿಕೊಂಡೇ ಎಸೆಯುತ್ತೇನೆ. ಎರಡೂ ಕೈ ಒಂದೇ ಸಮ ಎಸೆದರೆ ಬಳೆಯ ಸದ್ದೂ ಒಂದೇ ಸಮ ಬರುತ್ತೆ. ಎಡಗೈ ಸೋಮಾರಿಯಾದರೆ ಕಣ್ಣಿಗೆ ಮೊದಲು ಕಿವಿಗೇ ಗೊತ್ತಾಗುತ್ತೆ. ಯಾವ ಕೈಗೆ ಎಷ್ಟು ಬಳೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕೋಕೆ ನನಗೆ ಒಂದು ತಿಂಗಳು ಹಿಡಿದಿದೆ.

ಈಗ ಚೆಂಡಿನ ಕಥೆ. ಹೊಲಿಗೆಯವಳಾಗಿ 900 ಕೊಟ್ಟು ಚೆಂಡು ತರಿಸಿದ್ದಕ್ಕೆ ಇವತ್ತಿಗೂ ಬೇಜಾರಿದೆ. ಕತ್ತರಿಸಿ ಉಳಿದ ತುಂಡು ಬಟ್ಟೆ ಅಂಗಡಿಯಲ್ಲಿ ಮೂಟೆಗಟ್ಟಲೆ ಇರುತ್ತೆ. ಕಿತ್ತಳೆ ತೊಳೆಯ ಆಕಾರದ ನಾಲ್ಕು ತುಂಡು ಕತ್ತರಿಸಿ ಜೋಡಿಸಿದರೆ ಚೆಂಡು. ಒಳಗೆ ಏನು ತುಂಬಬೇಕು ಅನ್ನೋದರಲ್ಲೇ ನಾನು ಸೋತದ್ದು. ಮೊದಲು ಮರಳು ತುಂಬಿದೆ. ಒಂದೊಂದು ಇನ್ನೂರು ಗ್ರಾಂ ದಾಟಿತು, ಮೂರೇ ದಿನಕ್ಕೆ ಮಣಿಕಟ್ಟು ನೋವು. ಆಮೇಲೆ ಅಕ್ಕಿ. ಮಳೆಗಾಲದಲ್ಲಿ ಹುಳು ಬಂದು ಹೊಲಿಗೆಯ ಸಂದಿಯಿಂದ ಬಿಳಿ ಹಿಟ್ಟು ಉದುರಿತು, ಗಿರಾಕಿಯ ರೇಷ್ಮೆ ಬ್ಲೌಸ್ ಮೇಲೆ. ಹುರುಳಿಗೂ ಅದೇ ಗತಿ. ಕೊನೆಗೆ ಅತ್ತೆ ಹೇಳಿದರು, "ಏನಮ್ಮಾ, ಮನೇಲಿ ರಾಗಿ ಇಲ್ವಾ? ರಾಗಿಗೆ ಹುಳ ಹಿಡಿದದ್ದು ಯಾವತ್ತಾದ್ರೂ ನೋಡಿದ್ಯಾ?"

ನಿಜ. ನಮ್ಮ ಸೀಮೆಯಲ್ಲಿ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದ ಕಾಳು ಅದು. ರಾಗಿ ಕಾಳು ಸಣ್ಣ, ದುಂಡಗೆ. ಅಂಗೈಯಲ್ಲಿ ಚೆಂಡು ಬಿದ್ದ ಕೂಡಲೇ ಕುಳಿತುಬಿಡುತ್ತೆ, ಪುಟಿಯೋದೇ ಇಲ್ಲ. ಆರೂವರೆ ಸೆಂಟಿಮೀಟರ್ ಅಗಲದ ಚೆಂಡಿಗೆ ಸುಮಾರು 110 ಗ್ರಾಂ ಹಿಡಿಯುತ್ತೆ, ಕೈಗೆ ಸರಿಯಾದ ತೂಕ. ಒಳಗೆ ಎರಡು ಪದರ ಲೈನಿಂಗ್ ಬಟ್ಟೆಯ ಚೀಲ ಹೊಲಿಯಬೇಕು, ಇಲ್ಲದಿದ್ದರೆ ಧೂಳು ಬರುತ್ತೆ. ಹೊರಗಿನ ಬಟ್ಟೆ ಸ್ಯಾಟಿನ್ ಆದರೆ ಜಾರುತ್ತೆ, ವೆಲ್ವೆಟ್ ಬೆವರಿಗೆ ಅಂಟುತ್ತೆ. ದಪ್ಪ ಕಾಟನ್ ಒಳ್ಳೆಯದು. ಕೊನೆಯ ಬಾಯಿ ಹೊರಗೆ ಕಾಣದ ಹಾಗೆ ಹೇಗೆ ಮುಚ್ಚುತ್ತೇನೆ ಅನ್ನೋದು ನನ್ನ ಹೊಟ್ಟೆಪಾಡಿನ ಗುಟ್ಟು.

ಒಂದು ಸಲ ಕೊಳೆಯಾಯಿತು ಅಂತ ಒಂದು ಚೆಂಡನ್ನು ಸೋಪಿನ ನೀರಲ್ಲಿ ಒಗೆದು ನೆರಳಲ್ಲಿ ನೇತು ಹಾಕಿದೆ. ಎರಡು ದಿನಕ್ಕೆ ಹುಳಿ ವಾಸನೆ, ಮೂರನೆಯ ದಿನ ಹೊಲಿಗೆಯ ಸಂದಿಯಲ್ಲಿ ಬಿಳಿ ಮೊಳಕೆ! ರಾಗಿ ಮಾಲ್ಟ್‌ಗೆ ಪ್ರತಿ ವರ್ಷ ಮೊಳಕೆ ಕಟ್ಟುವವಳಿಗೆ ಅದು ಹೊಳೆಯಬೇಕಿತ್ತು. ಈಗ ಒಗೆಯುವುದಿಲ್ಲ, ಹೊರಗಿನ ಕವರ್ ಬಿಚ್ಚಿ ಬದಲಾಯಿಸುತ್ತೇನೆ.

ಒಂದು ಸೆಟ್‌ಗೆ ರಾಗಿ, ದಾರ ಸೇರಿ ಮೂವತ್ತು ರೂಪಾಯಿಯೂ ಆಗಲ್ಲ. 350ಕ್ಕೆ ಮಾರುತ್ತೇನೆ. ಇಲ್ಲಿವರೆಗೆ ನಲವತ್ತು ಸೆಟ್ ಹೋಗಿರಬಹುದು. ತರಗತಿಯ ಫೀಸು, ಪ್ಲಾಸ್ಟಿಕ್ ಚೆಂಡು, ಮುಲಾಮು ಎಲ್ಲ ವಾಪಸ್ ಬಂದು ಓವರ್‌ಲಾಕ್ ಮೆಷಿನ್ ರಿಪೇರಿಗೂ ಆಯಿತು.

ನಡುವೆ ಟೊಮೆಟೊ ಪ್ರಯೋಗವನ್ನೂ ಮಾಡಿದೆ. ಕೋಲಾರದಲ್ಲಿ ಇದ್ದು ಟೊಮೆಟೊ ಎಸೆಯದಿದ್ದರೆ ಹೇಗೆ? ಎಪಿಎಂಸಿಯಲ್ಲಿ ರೇಟು ಬಿದ್ದಾಗ 15 ಕೆಜಿ ಬಾಕ್ಸ್ ಕೇಳುವವರಿರಲ್ಲ. ನಮ್ಮ ಭಾವ ಮಂಡಿಯಿಂದ ಒಂದು ಬಾಕ್ಸ್ ತಂದುಕೊಟ್ಟರು. ಗಟ್ಟಿ ಕಾಯಿ ಚೆನ್ನಾಗಿ ಹಾರುತ್ತೆ, ಹಣ್ಣಾದದ್ದು ನಾಲ್ಕನೇ ಹಿಡಿತಕ್ಕೆ ಒಡೆಯುತ್ತೆ. ಆದರೆ ಇದರಿಂದ ಮೃದುವಾಗಿ ಹಿಡಿಯೋದು ಕಲಿತೆ. ಚೆಂಡನ್ನು ಕೈಯಿಂದ ಕಸಿಯಬಾರದು, ಕೈ ಅದರ ಜೊತೆ ಸ್ವಲ್ಪ ಕೆಳಗೆ ಹೋಗಬೇಕು. ಒಡೆದದ್ದೆಲ್ಲ ಗೊಜ್ಜಾಯಿತು, ಯಾವುದನ್ನೂ ಕಸಕ್ಕೆ ಹಾಕಲಿಲ್ಲ. ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಮಾತ್ರ ಅಭ್ಯಾಸ ಮಾಡಬೇಡಿ. ಕೋತಿಗಳು ತಿಂಡಿ ಅಂದುಕೊಳ್ಳುತ್ತವೆ. ನನ್ನ ಕೆಂಪು ಚೆಂಡು ಹಾಗೇ ಹೋಯಿತು, ಕೋತಿ ಅದನ್ನು ಹರಿದು ರಾಗಿ ತಿಂದೇಬಿಟ್ಟಿತು.

ಇದರಿಂದ ದಿನದ ಬದುಕಿನಲ್ಲಿ ಏನು ಬದಲಾಯಿತು ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಒಂದು ಕೆಟ್ಟದ್ದು ಹೇಳುತ್ತೇನೆ, ಎಚ್ಚರ ಇರಲಿ. ಬೀಳುವ ವಸ್ತುವಿಗೆ ಕೈ ತಾನಾಗೇ ಹೋಗುತ್ತೆ. ಲೋಟ, ದಾರದ ರೀಲು, ಬಾಬಿನ್ ಯಾವುದೂ ನೆಲ ಮುಟ್ಟಲ್ಲ. ಹೀಗೇ ಒಂದು ದಿನ ಟೇಬಲ್‌ನಿಂದ ಜಾರಿದ ದೊಡ್ಡ ಕತ್ತರಿಗೂ ಕೈ ಹೋಯಿತು. ಎಡಗೈ ಹೆಬ್ಬೆರಳ ಬುಡಕ್ಕೆ ನಾಲ್ಕು ಹೊಲಿಗೆ ಬಿದ್ದವು. ಈಗ ಕತ್ತರಿ ಬಿದ್ದರೆ ಎರಡೂ ಕೈ ಹಿಂದಕ್ಕೆ ತೆಗೆದು ಒಂದು ಹೆಜ್ಜೆ ಹಿಂದೆ ಸರಿಯೋದನ್ನು ಬೇರೆಯೇ ಅಭ್ಯಾಸ ಮಾಡಿದ್ದೇನೆ. ಅಡುಗೆ ಮನೆಯ ಚಾಕುವಿಗೂ ಇದೇ.

ಎಡಗೈ ಕೆಲಸಕ್ಕೆ ಬಂತು. ತಪ್ಪು ಹೊಲಿಗೆ ಬಿಚ್ಚೋದು, ದಾರ ಕತ್ತರಿಸೋದು ಎಲ್ಲ ಈಗ ಎಡಗೈಯಲ್ಲೂ ಆಗುತ್ತೆ. ಬಲ ಭುಜದ ನೋವು ನನಗಂತೂ ಅರ್ಧ ಕಡಿಮೆಯಾಗಿದೆ. ಬ್ಲೌಸ್ ಬ್ಲೌಸ್ ನಡುವೆ ಎದ್ದು ನಿಂತು ಮೇಲೆ ನೋಡೋದರಿಂದಲೂ ಇರಬಹುದು. ಮೊದಲು ಆ ಹೊತ್ತಿಗೆ ಮೊಬೈಲ್ ಹಿಡಿದು ರೀಲ್ಸ್ ನೋಡುತ್ತಿದ್ದೆ, ಐದು ನಿಮಿಷ ಅಂದುಕೊಂಡದ್ದು ಅರ್ಧ ಗಂಟೆ ಆಗುತ್ತಿತ್ತು. ಈಗ ದಿನಕ್ಕೆ ಒಂದು ಬ್ಲೌಸ್ ಜಾಸ್ತಿ ಹೊಲಿಯುತ್ತೇನೆ. ಲೈನಿಂಗ್ ಬ್ಲೌಸ್‌ಗೆ 400 ಅಂತ ಲೆಕ್ಕ ಹಾಕಿಕೊಳ್ಳಿ.

ಕರೆಂಟ್ ಹೋದರೆ ಮೊದಲು ಜೀವ ಹೋದ ಹಾಗೆ ಆಗುತ್ತಿತ್ತು. ಈಗ ಬಾಗಿಲ ಬೆಳಕಿಗೆ ಬಂದು ಚೆಂಡು ತೆಗೆದುಕೊಳ್ಳುತ್ತೇನೆ. ಬೀದಿಯ ಮಕ್ಕಳು ಬಂದು ನಿಲ್ಲುತ್ತಾರೆ, "ಅಕ್ಕಾ, ಇನ್ನೊಂದ್ಸಲ" ಅಂತಾರೆ. ತೋಳಿನ ಅಳತೆ ತಪ್ಪಿ ಬಟ್ಟೆ ಕಡಿಮೆಯಾದರೆ ಇಡೀ ದಿನ ಉರಿಯುತ್ತಿದ್ದೆ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ದಿನಕ್ಕೆ ನಲವತ್ತು ಸಲ ಚೆಂಡು ಬೀಳಿಸಿ ಎತ್ತಿಕೊಂಡು ಮತ್ತೆ ಎಸೆಯುವವಳಿಗೆ ಆ ಉರಿ ಹೊತ್ತುಕೊಳ್ಳಲ್ಲ. ಮಗಳೇ ಹೇಳಿದ್ದು, "ಅಮ್ಮಾ, ನೀನು ಈಗ ಕಿರುಚಲ್ಲ."

ಮಗಳು ಒಂದು ವಿಷಯ ಓದಿ ಹೇಳಿದಳು. ಜರ್ಮನಿಯಲ್ಲಿ ಮಾಡಿದ ಒಂದು ಅಧ್ಯಯನ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತಂತೆ. ಮೂರು ತಿಂಗಳು ಜಗ್ಲಿಂಗ್ ಕಲಿತವರ ಮೆದುಳಿನಲ್ಲಿ, ಚಲನೆಯನ್ನು ನೋಡಿ ಗುರುತಿಸುವ ಭಾಗ ಸ್ವಲ್ಪ ಬೆಳೆದಿತ್ತು. ಮುಂದಿನ ಮೂರು ತಿಂಗಳು ಬಿಟ್ಟಾಗ ಮತ್ತೆ ಇಳಿಯಿತು. ಹೋದ ವರ್ಷ ಮದುವೆ ಸೀಸನ್‌ನಲ್ಲಿ ನಾನೂ ಒಂದೂವರೆ ತಿಂಗಳು ಬಿಟ್ಟಿದ್ದೆ. ಮತ್ತೆ ಹಿಡಿದಾಗ ಮೂವತ್ತಕ್ಕೆ ಬಿದ್ದಿತ್ತು. ಒಂದೇ ವಾರದಲ್ಲಿ ಹಳೆಯದಕ್ಕೆ ಬಂದೆ.

ಅತ್ತೆಗೆ 71. "ಹೆಂಗಸರು ಮಾಡೋ ಕೆಲಸಾನಾ ಇದು?" ಅಂತ ಶುರುವಿನಲ್ಲಿ ಗೊಣಗುತ್ತಿದ್ದರು. ಈಜಿಪ್ಟ್‌ನ ಬೆನಿ ಹಸನ್ ಅನ್ನೋ ಜಾಗದ ಸಮಾಧಿಯ ಗೋಡೆಯಲ್ಲಿ ಒಂದು ಚಿತ್ರ ಇದೆ. ಹೆಚ್ಚು ಕಡಿಮೆ ನಾಲ್ಕು ಸಾವಿರ ವರ್ಷ ಹಳೆಯದು. ಅದರಲ್ಲಿ ಚೆಂಡು ಎಸೆಯುತ್ತಿರುವವರು ಹೆಂಗಸರೇ. ಮೊಬೈಲ್‌ನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ತಟ್ಟೆಯಿಂದ ಎರಡು ಚೆಂಡು ತೆಗೆದುಕೊಂಡು ಒಂದೇ ಕೈಯಲ್ಲಿ ಹತ್ತು ಹನ್ನೆರಡು ಸಲ ಎಸೆದು ಹಿಡಿದರು! ಅರವತ್ತು ವರ್ಷದ ಹಿಂದಿನ ಕಲ್ಲಾಟದ ಕೈ. ನನಗೆ ಒಂದು ಕೈಯಲ್ಲಿ ಎರಡು ಬರೋಕೆ ನಾಲ್ಕು ತಿಂಗಳು ಹಿಡಿದಿತ್ತು.

ಈಗ ನನ್ನ ಮೂರು ಚೆಂಡಿನ ದಾಖಲೆ 400 ದಾಟಿದೆ. ಎಸೆತಗಳ ಎತ್ತರವನ್ನು ಅಂಕಿಯಲ್ಲಿ ಹೇಳುವ ವರಸೆಗಳಲ್ಲಿ 441 ಅನ್ನೋದು ಬರುತ್ತೆ, 531 ಅನ್ನೋದು ಇನ್ನೂ ತೊಡರುತ್ತೆ. ನಾಲ್ಕು ಚೆಂಡಿನಲ್ಲಿ 23 ಹಿಡಿತ. ಅದಕ್ಕೂ ಅದೇ ಲೆಕ್ಕ, ಒಂದು ಬ್ಲೌಸಿಗೆ ಇಪ್ಪತ್ತು ಎಸೆತ. ನನ್ನ ಚೆಂಡು ಅತ್ತೆಯ ಕೈಗೆ ದೊಡ್ಡದಾಗುತ್ತೆ. 80 ಗ್ರಾಂನ ಅಳತೆಗೆ, ಅವರ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲೇ ತುಂಡು ಕತ್ತರಿಸಿ ಇಟ್ಟಿದ್ದೇನೆ. ರಾಗಿ ತುಂಬೋದು ಬಾಕಿ ಇದೆ.